ಚುಕ್ಕಿ ಕಾಯುವ ಕೆಲಸ

ಆದೋನಿಯಲ್ಲಿ ಚುಕ್ಕಿ ಕಾಯುವ ಕೆಲಸಕ್ಕೆ ಕೂತ ಮೇಲೆ ನಗುವಿಗಾಗಿ ನಾನು ಎಲ್ಲಿಗೂ ಹೋಗಬೇಕಾಗಿ ಬಂದಿಲ್ಲ. ಬೆಳಿಗ್ಗೆ ಫೋನ್ ತೆಗೆದರೆ ಒಂದಲ್ಲ ಒಂದು ಪ್ರಸಂಗ ಕಾದುಕೊಂಡೇ ಕೂತಿರುತ್ತದೆ.

ಚುಕ್ಕಿ ಅಂದರೆ ಆಕಾಶದವಲ್ಲ, ಆ್ಯಪಿನವು. ರೊಟ್ಟಿ, ಉಪ್ಪಿನಕಾಯಿ, ಹಪ್ಪಳ, ಕಂಬಳಿ ಮಾಡುವ ನಮ್ಮ ಕಡೆಯ ಸಣ್ಣ ಮಂದಿ ಸೇರಿ ಒಂದು ಸಂಘ ಕಟ್ಟಿದ್ದಾರೆ. ಕಂಪ್ಯೂಟರ್ ಸೆಂಟರಿನ ಮೇಡಂ ಒಬ್ಬರು ಅವರಿಗೊಂದು ಆ್ಯಪ್ ಮಾಡಿಕೊಟ್ಟಿದ್ದಾರೆ. ಯಾವುದೇ ಸಾಮಾನಿಗೆ ಒಂದರಿಂದ ಐದು ಚುಕ್ಕಿ ಒತ್ತಬಹುದು. ಒತ್ತಿದ್ದು ಖರೆಯೋ ಸುಳ್ಳೋ ನೋಡುವವನು ನಾನು. ಮೊದಲು ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿಯ ದರ್ಜೆ ಹೇಳುತ್ತಿದ್ದೆ. ಎರಡು ಬೆರಳಲ್ಲಿ ಎಳೆ ಎಳೆದು ನೋಡಿ, ಎದುರಿಗೆ ನಿಂತವರ ಮುಖ ನೋಡದೆ ಹೇಳುತ್ತಿದ್ದೆ. ಅದಕ್ಕೇ ಸಂಘದವರು ನನ್ನನ್ನು ಆರಿಸಿದರು ಎಂದು ನಾನು ಹೇಳುತ್ತೇನೆ. ಊರಲ್ಲಿ ಖಾಲಿ ಕೂತವರು ಬೇರೆ ಯಾರೂ ಸಿಗಲಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಆಕೆಯೂ ಸಂಘದಲ್ಲಿದ್ದಾಳೆ, ಶೇಂಗಾ ಚಟ್ನಿಪುಡಿ ಮಾರುತ್ತಾಳೆ. ಹೀಗಾಗಿ ಮೊದಲ ದಿನದಿಂದಲೂ ಜನ ನನ್ನ ಮೇಲೆ ಒಂದು ಕಣ್ಣಿಟ್ಟೇ ಇದ್ದರು.

ಬಳ್ಳಾರಿಯ ಒಬ್ಬ ವ್ಯಾಪಾರಿ ಆಗಲೇ ಒಂದು ಮಾತು ಹೇಳಿ ಹೋಗಿದ್ದ. ಆರು ತಿಂಗಳು ನಿಮ್ಮ ಚುಕ್ಕಿ ನೋಡುತ್ತೇನೆ, ಯಾವುದರಲ್ಲಿ ಯಾರು ಮೊದಲು ಬರುತ್ತಾರೋ ಅವರ ಮಾಲು ನನ್ನ ಅಂಗಡಿಗಳಲ್ಲಿ ಇಡುತ್ತೇನೆ. ಒಂದೇ ಒಂದು ಮೋಸ ಕಂಡರೂ ಈ ಕಡೆ ತಲೆ ಹಾಕುವುದಿಲ್ಲ. ಅಂದಮೇಲೆ ಇಡೀ ಸಂಘದ ನಸೀಬು ನನ್ನ ಕೈಯಲ್ಲಿತ್ತು.

ಕೈ ಎತ್ತಿದವರು

ಮೊದಲ ವಾರ ನೋಡಿದರೆ ಹೆಚ್ಚುಕಡಿಮೆ ಎಲ್ಲ ಸಾಮಾನಿಗೂ ಐದೈದು ಚುಕ್ಕಿ. ಇನ್ನೂ ಒಂದು ಪೊಟ್ಟಣವೂ ಮಾರದವರಿಗೂ ಐದು. ಸಭೆ ಕರೆದೆ. ತಮ್ಮ ಮಾಲಿಗೆ ತಾವೇ ಒತ್ತಿಕೊಂಡವರು ಯಾರು ಎಂದು ಸ್ವಲ್ಪ ಗಡುಸಾಗಿಯೇ ಕೇಳಿದೆ. ತಲೆ ತಗ್ಗಿಸುತ್ತಾರೆ ಎಂದುಕೊಂಡಿದ್ದೆ. ಇಡೀ ಸಭೆ ಸಂತೋಷದಿಂದ ಕೈ ಎತ್ತಿತು.

ಮುಂದಿನ ಸಾಲಿನಲ್ಲಿ ಕೂತಿದ್ದ ಹಪ್ಪಳದಾಕೆ ಎದ್ದು ನಿಂತು, "ತಿಂದು ನೋಡಿದವ್ರು ಒತ್ರಿ ಅಂತ ನೀವಾ ಹೇಳೀರಿ. ನನ್ನ ಹಪ್ಪಳ ನನಗಿಂತ ಹೆಚ್ಚು ತಿಂದವ್ರು ಯಾರದಾರ್ರೀ?" ಎಂದಳು. ಆಕೆಯ ಮೈಕಟ್ಟು ನೋಡಿದರೆ ಮಾತು ಸುಳ್ಳೆನ್ನಲು ಬಾಯಿ ಬರಲಿಲ್ಲ.

ಬೇರೆ ಊರಾಗಿದ್ದರೆ ಮಾರುವವರಿಗೆ ಓಟೇ ಇಲ್ಲ ಎಂದುಬಿಡುತ್ತಿದ್ದರು. ನಮ್ಮಲ್ಲಿ ಮಾರುವವರನ್ನು ತೆಗೆದರೆ ಕೊಳ್ಳುವವರೇ ಉಳಿಯುವುದಿಲ್ಲ. ರೊಟ್ಟಿಯಾಕೆ ಉಪ್ಪಿನಕಾಯಿ ಕೊಳ್ಳುತ್ತಾಳೆ, ಉಪ್ಪಿನಕಾಯಿಯವನು ಕಂಬಳಿ ಕೊಳ್ಳುತ್ತಾನೆ. ಕಡೆಗೆ ಒಂದು ನಿಯಮ ಮಾಡಿದೆ. ಎಲ್ಲರೂ ಒತ್ತಬಹುದು. ತನಗೆ, ತನ್ನ ಮನೆಯವರಿಗೆ, ತನ್ನಂಥದೇ ಮಾಲು ಮಾರುವವರಿಗೆ ಮಾತ್ರ ಒತ್ತುವಂತಿಲ್ಲ. ಹಾಗೆ ಒತ್ತಿದ್ದನ್ನು ನಾನು ಹೊಡೆದುಹಾಕುತ್ತೇನೆ, ಯಾರು ಯಾರಿಗೆ ಎಷ್ಟು ಒತ್ತಿದ್ದರು ಎಂದು ಸಂಘದ ಬೋರ್ಡಿನ ಮೇಲೆ ಬರೆಯುತ್ತೇನೆ.

ಇದು ಎಲ್ಲರಿಗೂ ಒಪ್ಪಿಗೆಯೇ ಎಂದು ಕೇಳಿದೆ. ಎಲ್ಲರೂ ಮತ್ತೆ ಕೈ ಎತ್ತಿದರು. ಹಪ್ಪಳದಾಕೆ ಎರಡೂ ಕೈ ಎತ್ತಿದಳು.

ಹೊರಡದ ಕಂಬಳಿ

ಚಿಪ್ಪಗಿರಿ ಕಡೆಯ ಕುರಿಗಾರರ ಮನೆಯವನೊಬ್ಬ ಕಂಬಳಿ ಮಾರುತ್ತಿದ್ದ. ಮಾಲು ಒಳ್ಳೆಯದು, ಗಿರಾಕಿ ಕಡಿಮೆ. ಒಂದು ಗುರುವಾರ ಹತ್ತರಿಂದ ಹನ್ನೊಂದು ಗಂಟೆಯ ಒಳಗೆ ಅವನಿಗೆ ಸಾಲಾಗಿ ಐದೈದು ಚುಕ್ಕಿ ಬಿದ್ದವು. ನಡುವೆ ಒಬ್ಬ ಮಾತ್ರ ಒಂದು ಚುಕ್ಕಿ ಕೊಟ್ಟು, ಕೆಳಗೆ ತೆಲುಗಿನಲ್ಲಿ ಬರೆದಿದ್ದ: "ಗಂಟ ಅಯಿಂದಿ, ಇಂಕಾ ಕದಲಲೇದು."

ಒಂದು ತಾಸಾಯಿತು, ಇನ್ನೂ ಕದಲಿಲ್ಲ ಎಂದರ್ಥ. ಯಾವ ಕಂಬಳಿ ಕದಲುತ್ತದೆ? ಇದರಲ್ಲೇನೋ ಇದೆ ಎಂದುಕೊಂಡು ಚಿಪ್ಪಗಿರಿಗೇ ಹೋದೆ. ಕಂಬಳಿಯವನ ಭಾವಮೈದ ಅಲ್ಲಿ ಶೇರ್ ಆಟೋ ಓಡಿಸುತ್ತಾನೆ. ಆಟೋ ತುಂಬಿತ್ತು, ಆದರೂ ಹೊರಟಿರಲಿಲ್ಲ. ಅವನು ಒಬ್ಬೊಬ್ಬರ ಪಕ್ಕದಲ್ಲೂ ನಿಂತು, ಹೀಂಗ ಒತ್ರಿ, ಕಡೀ ಚುಕ್ಕಿ ಒತ್ರಿ ಎಂದು ತೋರಿಸುತ್ತಿದ್ದ. ಎಲ್ಲರೂ ಒತ್ತಿದ ಮೇಲೆಯೇ ಆಟೋ ಶುರು.

ಇವರಲ್ಲಿ ಯಾರು ಕಂಬಳಿ ಹೊದ್ದು ನೋಡಿದ್ದಾರಪ್ಪ ಎಂದು ಕೇಳಿದೆ. ಅವನು ಹೆದರಲಿಲ್ಲ. ಸೀಟಿನ ಮೇಲೆ ಹಾಸಿದ್ದ ಕಂಬಳಿ ತೋರಿಸಿ, "ಎಲ್ರೂ ಅದರ ಮ್ಯಾಲಾ ಕುಂತಾರ್ರೀ. ಕುಂತು ನೋಡಿದ್ರ ನಡಿಯಂಗಿಲ್ಲೇನು?" ಎಂದ. ಅವನ ಮಾತಿನಲ್ಲಿ ನ್ಯಾಯ ಅಷ್ಟಿಷ್ಟು ಇತ್ತು. ಆದರೂ ಆಟೋದಲ್ಲಿ ಒತ್ತಿಸಿದ ಚುಕ್ಕಿಗಳನ್ನೆಲ್ಲ ಹೊಡೆದುಹಾಕಿದೆ. ಕೊಂಡವರು ಮಾತ್ರ ಒತ್ತಬೇಕು ಎಂದು ಮೇಡಂಗೆ ಹೇಳಿ ಆ್ಯಪಿನಲ್ಲೇ ಬೀಗ ಹಾಕಿಸಿದೆ.

ಮರುದಿನ ಒಂದು ತಕರಾರು ಬಂತು. ಒಂದು ಚುಕ್ಕಿ ಕೊಟ್ಟಿದ್ದನಲ್ಲ, ಅವನದು. ಉಳಿದವರು ಒತ್ತಿದ್ದು ಸುಳ್ಳಿರಬಹುದು, ನಾನು ಒತ್ತಿದ್ದು ಖರೆ, ಆ ಆಟೋ ಹನ್ನೊಂದಾದ ಮೇಲೆಯೇ ಹೊರಟಿದ್ದು, ಬೇಕಾದರೆ ಜೊತೆಗಿದ್ದವರನ್ನು ಕೇಳಿ ಎಂದು ಸಾಕ್ಷಿಗಳ ಹೆಸರು ಕಳಿಸಿದ್ದ.

ದೃಷ್ಟಿಯ ಚುಕ್ಕಿ

ಪತ್ತಿಕೊಂಡದ ಕಡೆಯ ಒಬ್ಬಾಕೆಯ ಜೋಳದ ರೊಟ್ಟಿಗೆ ಬಂದವೆಲ್ಲ ಐದೇ. ನಮ್ಮ ಮಂದಿ ಅಷ್ಟು ಸುಲಭಕ್ಕೆ ಐದು ಕೊಡುವವರಲ್ಲ. ಬಾಯಿ ಚಪ್ಪರಿಸಿ ತಿಂದು, ತಟ್ಟೆ ನೆಕ್ಕಿ, ಅಡ್ಡಿಯಿಲ್ಲ ಎಂದು ಮೂರು ಒತ್ತುವ ಜನ. ಅಂಥವರಿಂದ ಐದು ಕಿತ್ತುಕೊಂಡಿದ್ದಳೆಂದರೆ ಆ ರೊಟ್ಟಿ ಹೇಗಿರಬೇಕು ನೀವೇ ಯೋಚಿಸಿ.

ಒಂದು ದಿನ ಆ ಐದುಗಳ ನಡುವೆ ಒಂದು ಚುಕ್ಕಿ ಬಿತ್ತು. ಯಾವನೋ ಹೊಟ್ಟೆಕಿಚ್ಚಿನವನು ಎಂದು ಸಿಟ್ಟು ಬಂದು ಮೇಡಂಗೆ ಹುಡುಕಲು ಹೇಳಿದೆ. ಹುಡುಕಿದರೆ ರೊಟ್ಟಿಯಾಕೆಯದೇ ಫೋನ್, ಆ್ಯಪಿನ ಬೀಗ ತೆಗೆಯಲೆಂದು ತನ್ನ ರೊಟ್ಟಿ ತಾನೇ ಕೊಂಡಿದ್ದಳು.

ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುತ್ತಾರೇನಮ್ಮ ಎಂದು ಕೇಳಿದೆ. ಆಕೆ ದನಿ ತಗ್ಗಿಸಿದಳು. "ಕೂಸಿನ ಗಲ್ಲಕ್ಕ ಕರೀ ಬೊಟ್ಟು ಇಡಂಗಿಲ್ಲೇನ್ರೀ? ಇಷ್ಟು ಐದು ಕಂಡ್ರ ಊರ ಕಣ್ಣು ನನ್ನ ಹಂಚಿನ ಮ್ಯಾಲಾ ಬೀಳ್ತೈತಿ."

ಒಳ್ಳೆಯದೇ ಇರಲಿ ಕೆಟ್ಟದ್ದೇ ಇರಲಿ, ತನಗೆ ತಾನು ಒತ್ತಿಕೊಳ್ಳುವಂತಿಲ್ಲ ಎಂದು ಅದನ್ನು ತೆಗೆದೆ. ನಾಳೆ ನನ್ನ ರೊಟ್ಟಿ ಸೀದರೆ ನೀವೇ ಜವಾಬ್ದಾರಿ ಎಂದಳು. ಆಯಿತು ಎಂದೆ. ಆಕೆ ಸುಮ್ಮನೆ ಕೂರುವ ಪೈಕಿ ಅಲ್ಲ. ಆ್ಯಪಿನಲ್ಲಿದ್ದ ರೊಟ್ಟಿಯ ಫೋಟೋ ಬದಲಾಯಿಸಿ, ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ ಹೊಸ ಫೋಟೋ ಹಾಕಿದಳು. ಒಂದು ವಾರ ಗಿರಾಕಿಗಳೆಲ್ಲ ನನಗೆ ಫೋನ್ ಮಾಡಿ, ನಮಗೆ ಬರೀ ರೊಟ್ಟಿ ಬಂದಿದೆ, ಅದರ ಜೊತೆಗಿನ ನಿಂಬೆಹಣ್ಣು ಎಲ್ಲಿ ಎಂದು ಕೇಳಿದರು.

ಬೀಗರು

ಉಪ್ಪಿನಕಾಯಿಯವನಿಗೂ ನಮ್ಮ ಹಪ್ಪಳದಾಕೆಗೂ ಹಳೆಯ ಜಗಳ. ಇವನು ಆಕೆಯ ಹಪ್ಪಳಕ್ಕೆ ಒಂದು, ಆಕೆ ಇವನ ಉಪ್ಪಿನಕಾಯಿಗೆ ಒಂದು. ಇದ್ದಕ್ಕಿದ್ದಂತೆ ಒಂದು ದಿನ ಇವನು ಐದು, ಆಕೆ ಐದು. ಒಳಗೊಳಗೇ ಮಾತಾಡಿಕೊಂಡಿದ್ದಾರೆ ಎಂದು ಹಿಡಿಯಲು ಅವನ ಮನೆಗೆ ಹೋದರೆ, ಬಾಗಿಲಿಗೆ ತೋರಣ, ಒಳಗೆ ಎಲೆಅಡಿಕೆ ತಟ್ಟೆ. ಅವನ ಮಗನಿಗೂ ಆಕೆಯ ಮಗಳಿಗೂ ನಿಶ್ಚಯವಾಗಿತ್ತು. ನನ್ನ ಬಾಯಿಗೆ ಲಾಡು ತುರುಕಿದರು. ಬಾಯಿ ಖಾಲಿಯಾದ ಮೇಲೆ ಕೇಳಿದೆ. ಬೀಗರಿಗೆ ನಾಲ್ಕು ಕೊಟ್ಟರೆ ಮದುವೆ ಮುರಿದು ಹೋಗುತ್ತದೆ, ಏನು ಮಾಡುವುದು ಎಂದ. ಬೀಗರು ಒಂದೇ ಮನೆಯವರಲ್ಲ, ಹಾಗಾಗಿ ನನ್ನ ನಿಯಮಕ್ಕೂ ಸಿಗಲಿಲ್ಲ.

ಮದುವೆಯಾದ ಮರುದಿನವೇ ಮತ್ತೆ ಒಂದೊಂದು ಚುಕ್ಕಿ. ಗಂಡಿನ ಕಡೆಯವರಿಗೆ ಎರಡನೇ ಸಲ ಹೋಳಿಗೆ ಬಡಿಸಲಿಲ್ಲವಂತೆ. ಅಂದೇ ಹೊಸ ನಿಯಮ ಬರೆದೆ: ಮೊದಲ ಕೂಸಿನ ತೊಟ್ಟಿಲು ತೂಗುವ ತನಕ ಬೀಗರ ಚುಕ್ಕಿ ಲೆಕ್ಕಕ್ಕಿಲ್ಲ.

ಬೋರ್ಡು ಓದಿದ ಮಂದಿಗೆ ಹೊಸದೊಂದು ದಾರಿ ಹೊಳೆಯಿತು. ಈಗ ಹೆಣ್ಣು ನೋಡಲು ಹೋಗುವ ಮೊದಲು ನನ್ನ ಬಳಿ ಬಂದು, ಆ ಮನೆಯವರು ಬೇರೆಯವರಿಗೆ ಎಂಥ ಚುಕ್ಕಿ ಕೊಡುತ್ತಾರೆ, ಮಂದಿ ಹೆಂಗೆ ಎಂದು ವಿಚಾರಿಸುತ್ತಾರೆ. ಜಾತಕ ಆಮೇಲೆ.

ಉಪ್ಪು ಸ್ವಲ್ಪ ಮುಂದು

ಆರು ತಿಂಗಳು ಮುಗಿದವು. ಸೋಮವಾರ ಬಳ್ಳಾರಿಯ ವ್ಯಾಪಾರಿ ಬರುವವನಿದ್ದ. ಶೇಂಗಾ ಚಟ್ನಿಪುಡಿಯಲ್ಲಿ ಪೆದ್ದಹರಿವಾಣದ ಒಬ್ಬಾಕೆ ಮೊದಲು, ಕೂದಲೆಳೆಯಷ್ಟು ಹಿಂದೆ ನನ್ನ ಹೆಂಡತಿ. ಮನಸ್ಸಿಗೆ ಬೇಸರವೇ ಆಗಿತ್ತು, ಯಾಕೆ ಸುಳ್ಳು ಹೇಳಲಿ. ಆದರೆ ಲೆಕ್ಕ ಲೆಕ್ಕವೇ.

ಶನಿವಾರ ಕಡೆಯ ಸಲ ಎಲ್ಲ ಜಾಲಾಡುವಾಗ ಮೇಡಂ ನನ್ನ ಮುಖ ನೋಡಿ, "ಸರ್, ನಿಮ್ಮದಾ ಒಂದು ಓಟು ಐತಿ" ಎಂದರು. ಕೆಲಸಕ್ಕೆ ಸೇರುವ ಮೊದಲು, ಆ್ಯಪ್ ಹೇಗೆ ನಡೆಯುತ್ತದೆ ನೋಡೋಣ ಎಂದು ಹೆಂಡತಿಯ ಪುಡಿಗೆ ನಾನೇ ಒತ್ತಿದ್ದೆ, ಮರೆತೂ ಬಿಟ್ಟಿದ್ದೆ. ಗಂಡನ ಓಟು ಅಂದರೆ ಮನೆಯವರ ಓಟು. ನನ್ನ ಎದೆ ಉಬ್ಬಿತು. ನ್ಯಾಯ ಅಂದರೆ ಏನು ಎಂದು ಊರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತದೆಯೇ? ಓಟು ಹೊಡೆದುಹಾಕಿ, ಸ್ವಂತ ಕೈಯಲ್ಲಿ ಬೋರ್ಡಿನ ಮೇಲೆ ಬರೆದೆ: ಒತ್ತಿದವನು ನಾನು, ಒತ್ತಿದ್ದು ನನ್ನ ಹೆಂಡತಿಗೆ, ಚುಕ್ಕಿ ನಾಲ್ಕು, ಷರಾ "ಉಪ್ಪು ಸ್ವಲ್ಪ ಮುಂದು". ಬರೆದು, ಯಾರಾದರೂ ಶಹಬ್ಬಾಸ್ ಅನ್ನುತ್ತಾರೇನೋ ಎಂದು ಅಲ್ಲೇ ಸ್ವಲ್ಪ ಹೊತ್ತು ನಿಂತೆ.

ನಾಲ್ಕಕ್ಕಿಂತ ಮೇಲಿದ್ದ ಸರಾಸರಿಯಿಂದ ಒಂದು ನಾಲ್ಕು ತೆಗೆದರೆ ಅದು ಇನ್ನೂ ಮೇಲೇರುತ್ತದೆ ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಸಂಜೆಗೆ ನನ್ನ ಹೆಂಡತಿ ಮೊದಲು, ಪೆದ್ದಹರಿವಾಣದಾಕೆ ಎರಡನೆಯವಳು.

ಊರೆಲ್ಲ ಗುಲ್ಲೆದ್ದಿತು. ಭಾರೀ ಶಾಣ್ಯಾ ಅದಾನ, ತಾನಾ ಒತ್ತಿ ತಾನಾ ತಗದು ಹೆಂಡ್ತೀನ ಮ್ಯಾಲ ಕುಂದ್ರಿಸ್ಯಾನ ಎಂದರು. ಆ ಓಟು ವಾಪಸ್ ಹಾಕಿಬಿಡು ಎಂದು ಸಂಘದ ಹಿರಿಯರು ಹೇಳಿದರು. ಹಾಕಲಿಲ್ಲ. ಒಬ್ಬರಿಗೆ ಅನುಕೂಲವಾಗಲಿ ಎಂದು ನಿಯಮ ಬಗ್ಗಿಸಿದರೆ ನಾಳೆ ಇನ್ನೊಬ್ಬರಿಗೂ ಬಗ್ಗಿಸಬೇಕಾಗುತ್ತದೆ. ಆದರೆ ಭಾನುವಾರವೆಲ್ಲ ಅನ್ನ ಇಳಿಯಲಿಲ್ಲ. ಅಷ್ಟು ಮಂದಿಯ ಅನ್ನಕ್ಕೆ ನಾನೇ ಮಣ್ಣು ಹಾಕಿದೆನೇನೋ ಅನ್ನಿಸುತ್ತಿತ್ತು.

ಸೋಮವಾರದ ಸಭೆಯಲ್ಲಿ ವ್ಯಾಪಾರಿಯ ಎದುರಿಗೇ ಒಬ್ಬ ಎದ್ದು ಇದನ್ನೆಲ್ಲ ಆಡಿ ತೋರಿಸಿದ. ವ್ಯಾಪಾರಿ ಬ್ಯಾಗಿನ ಜಿಪ್ ಎಳೆದು ಮುಚ್ಚಿದ. ಆಗ ಹಿಂದಿನಿಂದ ಪೆದ್ದಹರಿವಾಣದಾಕೆ ಎದ್ದಳು.

"ಸೋತಾಕಿ ನಾನು, ನಾನಾ ಹೇಳ್ತೀನಿ ಕೇಳ್ರಿ. ಹೆಂಡ್ತಿ ಮಾಡಿದ್ದಕ್ಕ ಉಪ್ಪು ಮುಂದಾಗೈತಿ ಅಂತ ಬರದು, ಅದನ್ನ ಊರ ಮುಂದ ಬೋರ್ಡಿಗೆ ಹಾಕ್ಯಾನ. ಮೋಸ ಮಾಡವ್ನಿಗೆ ಅಷ್ಟು ಧೈರ್ಯ ಎಲ್ಲಿಂದ ಬರ್ತೈತ್ರಿ? ನಾನು ಸೋತಿದ್ದು ಆಕಿ ಪುಡಿಗೆ. ಮುಂದಿನ ಸಲ ನೋಡ್ಕೋತೀನಿ."

ಇಡೀ ಸಭೆ ನಕ್ಕಿತು. ಹೆಂಗಸರು ಹೆಚ್ಚು ನಕ್ಕರು. ವ್ಯಾಪಾರಿ ಜಿಪ್ ಮತ್ತೆ ತೆಗೆದು, ಎದುರಿಗಿಟ್ಟಿದ್ದ ನನ್ನ ಹೆಂಡತಿಯ ಪುಡಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡ. ಕಣ್ಣು ಮುಚ್ಚಿ ಚಪ್ಪರಿಸಿ, ನನ್ನ ಕಡೆ ತಿರುಗಿ, ಉಪ್ಪು ಸ್ವಲ್ಪ ಮುಂದಿರುವುದು ಖರೆ ಎಂದ. ನಿಮ್ಮ ಊರಿನ ಚುಕ್ಕಿ ನಾನು ನಂಬುತ್ತೇನೆ ಎಂದು ಹೇಳಿ, ಪುಡಿ, ರೊಟ್ಟಿ, ಹಪ್ಪಳ, ಕಂಬಳಿ ಎಲ್ಲದರಲ್ಲೂ ಮೊದಲು ಬಂದವರ ಹೆಸರು ಬರೆದುಕೊಂಡ. ಯಾರ್ಡಿನಲ್ಲಿ ಅಷ್ಟು ವರ್ಷ ದುಡಿದರೂ ನನಗೆ ಅಂಥ ಹೆಮ್ಮೆ ಒಂದು ದಿನವೂ ಆಗಿರಲಿಲ್ಲ.

ಮನೆಗೆ ಬಂದರೆ ಗೆದ್ದಾಕೆಯ ಮುಖದಲ್ಲಿ ನಗುವಿಲ್ಲ. ಆ ಇನ್ನೊಂದು ಚುಕ್ಕಿ ಎಲ್ಲಿ ಇಟ್ಟುಕೊಂಡಿದ್ದೀರಿ ಎಂದು ಕೇಳಿದಳು. ನಾನು ಐದು ಒತ್ತಿದ್ದರೆ ಅದನ್ನು ತೆಗೆದಾಗ ನೀನು ಇನ್ನೂ ಕೆಳಗಿಳಿಯುತ್ತಿದ್ದೆ, ನಾಲ್ಕು ಒತ್ತಿದ್ದಕ್ಕೇ ಗೆದ್ದೆ ಎಂದು ಕಾಗದದ ಮೇಲೆ ಗೀಟು ಹಾಕಿ ತಿಳಿಸಿ ಹೇಳಿದೆ. ಆಕೆ ಎಲ್ಲ ಕೇಳಿಸಿಕೊಂಡು, ಕಾಗದ ಮಡಚಿ ಪಕ್ಕಕ್ಕಿಟ್ಟು, ತಟ್ಟೆ ಹಾಕಿದಳು. ಅನ್ನ, ಸಾರು ಬಡಿಸಿ ಎದುರಿಗೇ ಕೂತಳು.

ಮೊದಲ ತುತ್ತು ಇಟ್ಟುಕೊಂಡೆ. ಸಾರಿಗೆ ಉಪ್ಪೇ ಬಿದ್ದಿರಲಿಲ್ಲ.

"ಹೆಂಗೈತ್ರಿ? ಎಷ್ಟು ಚುಕ್ಕಿ?" ಎಂದಳು.

"ಮನಿಯವ್ರು ಒತ್ತಂಗಿಲ್ಲ" ಎಂದೆ. ನಿಯಮ ಅಂದರೆ ನಿಯಮ. ಎರಡನೇ ಸಲವೂ ಸಾರು ಹಾಕಿಸಿಕೊಂಡು, ಪೂರ್ತಿ ಉಂಡು ಎದ್ದೆ.