ಉತ್ತರ ತರುವವನೇ ಕೂತುಬಿಟ್ಟರೆ

ಕಡಿಮೆ ಓದಿದವರಿಗೆ ಸಲಹೆ ಕೊಡುವ ಚಟ ಜಾಸ್ತಿ. ಬೇರೆಯವರದು ಗೊತ್ತಿಲ್ಲ, ಏಳನೇ ಇಯತ್ತೆಗೆ ಸಾಲಿ ಬಿಟ್ಟ ನನಗಂತೂ ಇದೆ. ಗೋಕಾಕದ ನಮ್ಮ ಮನೆಯಲ್ಲೇ ಕೂತು ತಂಗಿ ಗಿರಿಜಾ ಕಂಪ್ಯೂಟರಿನ ಪ್ರೋಗ್ರಾಮ್ ಬರೆಯುತ್ತಾಳೆ. ಮೂಡಲಗಿಯ ಬೀಜದ ಸಾಹುಕಾರರೊಬ್ಬರು ಅವಳಿಗೆ ಮೊಟ್ಟಮೊದಲ ಕೆಲಸ ಕೊಟ್ಟಿದ್ದರು. ಅಂಗಡಿಯಲ್ಲಿ ಬಟನ್ ಒತ್ತಿದರೆ ಹುಕ್ಕೇರಿಯ ಗೋದಾಮಿನಲ್ಲಿ ಬೀಜ ಇದೆಯೋ ಇಲ್ಲವೋ, ಇದ್ದರೆ ಎಷ್ಟು ಚೀಲ, ಎರಡೂ ತಿಳಿಯಬೇಕು. ಉತ್ತರ ತರುವುದಕ್ಕೆ ಒಳಗೊಬ್ಬ ಆಳು ಇರುತ್ತಾನಂತೆ, ಅವನ ಹೆಸರು ಕಾಲ್‌ಬ್ಯಾಕ್ ಥ್ರೆಡ್. ‘ಬೀಜ ಇದೆ’ ಎಂಬ ಉತ್ತರ ತಂದವನು ‘ಎಷ್ಟು ಚೀಲ’ ಎಂದು ಗೋದಾಮಿಗೆ ಕೇಳಿ, ಕಾಯದೆ ಹೋಗಿಬಿಡುತ್ತಾನೆ ಎಂದಳು. ನನಗೆ ಸರಿಬರಲಿಲ್ಲ. ಕೇಳಿದ ಮೇಲೆ ಉತ್ತರ ತಗೊಳ್ಳದೆ ಹೋಗುವವನು ಎಂಥ ಆಳು, ಉತ್ತರ ಸಿಗುವತನಕ ಅಲ್ಲೇ ನಿಲ್ಲಿಸು ಎಂದೆ. ಹಾಗೆ ಬರೆಯುವುದು ಸಲೀಸೂ ಆಗಿತ್ತು, ಅವಳು ಹಾಗೇ ಬರೆದಳು. ಅಣ್ಣನ ಮಾತೂ ಉಳಿಯಿತು.

ಮೂಡಲಗಿಯ ಅಂಗಡಿಯಲ್ಲಿ ಸಾಹುಕಾರರು ನಮ್ಮಿಬ್ಬರ ಮುಂದೆ ಬಟನ್ ಒತ್ತಿದರು. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಅವರು ಎರಡು ಚಾ ಮುಗಿಸಿ, “ಏನ್ರಿ, ನಿಮ್ಮ ತಂಗಿ ಮಷೀನು ಊಟಕ್ಕ ಹೋಗೇತೇನ್ರಿ?” ಎಂದು ನನ್ನನ್ನೇ ಕೇಳಿದರು. ಗುರುವಾರದೊಳಗೆ ಸರಿಯಾಗದಿದ್ದರೆ ಕೆಲಸ ಬೇರೆಯವರಿಗೆ ಎಂದೂ ಹೇಳಿದರು. “ತಪ್ಪು ನಂದ್ರಿ,” ಎಂದಳು ಗಿರಿಜಾ. ನಾನು ಬೀಜದ ಚೀಲಗಳನ್ನು ಎಣಿಸುವವನಂತೆ ಆ ಕಡೆ ನೋಡಿದೆ.

ಮೂರು ದಿನ ತಡಕಾಡಿ ಅವಳು ಕಂಡುಹಿಡಿದಳು. “ಚೀಲ ಎಷ್ಟು ಅಂತ ಉತ್ತರ ತರಾಂವನೂ ಅವನ. ಅವನ ನಿಂತು ಕಾಯಾಕತ್ತಾನ. ಇನ್ನ ತರಾವ್ರ್ಯಾರು, ಅಣ್ಣಾ?”

ನನಗೆ ಮೇಲವಂಕಿ ನೆನಪಾಯಿತು. ನಾನು ಸಣ್ಣವನಿದ್ದಾಗ, ಬಿತ್ತನೆಗೆ ಎತ್ತು ಕೇಳಿ ಬಾ, ಉತ್ತರ ಇಲ್ಲದೆ ಬರಬೇಡ ಎಂದು ಅವ್ವ ನನ್ನನ್ನು ಅಲ್ಲಿನ ಕಾಕಾನ ಮನೆಗೆ ಕಳಿಸಿದ್ದಳು. ಯಾವ ದಿನ ಬೇಕು, ಅವ್ವನನ್ನು ಕೇಳಿ ಬಾ ಎಂದ ಕಾಕಾ. ಎತ್ತು ಕೊಡುತ್ತೇನೆ ಅನ್ನಲೂ ಇಲ್ಲ, ಇಲ್ಲ ಅನ್ನಲೂ ಇಲ್ಲ. ಅದು ಉತ್ತರವಲ್ಲ ಎಂದು ನಾನು ಕಟ್ಟೆಯ ಮೇಲೆ ಕೂತೆ. ಅವ್ವ ಅಲ್ಲಿ ಕಾದಳು, ಕಾಕಾ ಇಲ್ಲಿ ಕಾದ, ನಾನು ಎರಡು ದಿನ ರೊಟ್ಟಿ ತಿಂದೆ. ಇಷ್ಟು ವರ್ಷ ಇದನ್ನು ನನ್ನ ನಿಷ್ಠೆಯ ಕತೆಯೆಂದೇ ಹೇಳಿಕೊಂಡು ಬಂದಿದ್ದೇನೆ.

ಆಳು ಕೇಳಿ, ಕಾಯದೆ ಹೋಗುವಂತೆ ಗಿರಿಜಾ ತಿದ್ದಿದಳು. ಗುರುವಾರ ಚಕ್ರ ತಿರುಗಿ ನಿಂತಿತು, ಚೀಲದ ಲೆಕ್ಕ ಬಂತು, ಕೆಲಸ ಉಳಿಯಿತು. ಮನೆಗೆ ಬಂದು, ಅಡುಗೆಮನೆಯೊಳಗೆ ಹೊರಟವಳನ್ನು ಬಾಗಿಲಲ್ಲೇ ತಡೆದು ಹೇಳಿದೆ: ತಪ್ಪು ನನ್ನದು, ಸಾಹುಕಾರರ ಮುಂದೆ ಬಾಯಿ ಬಿಡದ್ದು ಅದಕ್ಕಿಂತ ದೊಡ್ಡ ತಪ್ಪು. ಗಿರಿಜಾ ಕ್ಷಮಿಸುವುದನ್ನು ಬಾಯಲ್ಲಿ ಹೇಳುವವಳಲ್ಲ, ಚಾ ಮಾಡಿ ಕೊಡುತ್ತಾಳೆ. ಆ ಚಾಕ್ಕಾಗಿ ಚೌಕಟ್ಟಿಗೆ ಆತು ನಿಂತೇ ಇದ್ದೆ. ಬಹಳ ಹೊತ್ತು ಅವಳೂ ಎದುರಿಗೆ ನಿಂತೇ ಇದ್ದಳು.

“ಅಣ್ಣಾ,” ಎಂದಳು ಕೊನೆಗೆ, “ಬಾಗಲಾ ಬಿಟ್ಟರ ಚಾ ಮಾಡ್ತೇನಿ.”