ಅರ್ಧ ಷಟರ್ ರೇಡಿಯೋ

ನಗುವುದಕ್ಕೆ ಬಾಯಿ ಕೊಟ್ಟು, ನಗಿಸುವವರನ್ನೂ ಅಕ್ಕಪಕ್ಕದಲ್ಲೇ ಇಟ್ಟ ಮಾದಪ್ಪನಿಗೆ ಮೊದಲು ಕೈಮುಗಿಯುತ್ತೇನೆ.

ಗುಂಡ್ಲುಪೇಟೆಯ ನಮ್ಮ ಬೀದಿಯಲ್ಲಿ ನಗೆಯ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ನಾವು ಮೂವರು ಸೇರಿದರಂತೂ ಹುಡುಕಿಕೊಂಡೇ ಬರುತ್ತವೆ. ಪೂಜಾ ಸಾಮಾನು ಮಾರುವ ನಾನು, ಬಾಳೆಕಾಯಿ ಮಂಡಿಯ ಗೆಳೆಯ, ಟೈಲರ್ ಭಾಯ್. ಭಾನುವಾರ ಮಧ್ಯಾಹ್ನ ಭಾಯ್ ಅಂಗಡಿಯಲ್ಲಿ ಕೂತು ಅರ್ಧ ಗಂಟೆ ತಮಾಷೆ ಹರಟೆ ಹೊಡೆಯುತ್ತೇವೆ. ಅದು ಮೊಬೈಲಿನಿಂದ ನೇರವಾಗಿ ಇಂಟರ್ನೆಟ್ ರೇಡಿಯೋದಲ್ಲಿ ಬರುತ್ತದೆ. ಆ ರೇಡಿಯೋ ನಡೆಸುವವರು ಚಾಮರಾಜನಗರದಲ್ಲಿದ್ದಾರೆ. ಅವರು ಒಂದು ದಿನ ಫೋನು ಮಾಡಿ, “ನಿಮ್ಮ ಬೀದಿಯೋರೇ ಕೇಳ್ತಿಲ್ವಲ್ಲ ಸಾರ್. ಹಬ್ಬದ ತನಕ ನೋಡ್ತೀನಿ, ಆಮೇಲೆ ನಿಲ್ಲಿಸ್ಬುಡ್ತೀನಿ” ಎಂದರು.

ಭಾಯ್ ಮುಖ ಬಾಡಿತು. “ವಾರವೆಲ್ಲ ತಲೆ ಬಗ್ಗಿಸ್ಕೊಂಡು ಹೊಲೀತೀನಿ ಅಣ್ಣ. ತಲೆ ಎತ್ತಿ ನಗೋದು ಆ ಅರ್ಧ ಗಂಟೇಲೇ. ನಿಮ್ಮ ದೇವ್ರಿಗೆ ಒಂದ್ಮಾತು ಹೇಳಿ, ನಮ್ಮೋನಿಗೆ ನಾನು ಹೇಳ್ತೀನಿ.”

ಎರಡೂ ಕಡೆ ಅರ್ಜಿ ಹೋಯಿತು.

೧. ಪ್ರಾರ್ಥನೆ

ಕಾರ್ಯಕ್ರಮದ ಆರಂಭದಲ್ಲೇ ದೇವರನ್ನು ನೆನೆಯೋಣ ಎಂದು ಮುಂದಿನ ಭಾನುವಾರ ಕಣ್ಣು ಮುಚ್ಚಿದೆ. ಲಿಂಗಧ್ಯಾನ ನನಗೆ ಮನಸ್ಸಿನಲ್ಲೇ ಮಾಡಿ ಅಭ್ಯಾಸ. ನಾನು ಕಣ್ಣು ಬಿಡುವ ತನಕ ಮಾತಾಡಬಾರದೆಂದು ಉಳಿದಿಬ್ಬರೂ ಭಕ್ತಿಯಿಂದ ಕೂತರು. ಸ್ವಲ್ಪ ಹೊತ್ತಿಗೆ ಚಾಮರಾಜನಗರದಿಂದ ಫೋನು.

“ನೆಟ್ ಹೋಯ್ತಾ? ಏನೂ ಕೇಳಿಸ್ತಿಲ್ಲ!”

“ಶ್! ಅಣ್ಣ ಪ್ರಾರ್ಥನೆ ಮಾಡ್ತಾವ್ರೆ” ಎಂದು ಭಾಯ್ ಪಿಸುಗುಟ್ಟಿದರು.

“ರೇಡಿಯೋದಲ್ಲಿ ಮನಸ್ಸಲ್ಲೇ ಮಾಡಿದ್ರೆ ಯಾರಿಗೆ ಕೇಳ್ಸುತ್ತೆ?”

“ಕೇಳ್ಬೇಕಾದೋನಿಗೆ ಕೇಳ್ಸುತ್ತೆ ಬುಡಿ.”

ನಾನು ಕಣ್ಣು ಬಿಟ್ಟಾಗ ಅರ್ಧ ಗಂಟೆ ಮುಗಿದಿತ್ತು. ಆ ದಿನ ಉಮ್ಮತ್ತೂರಿನ ಕೇಳುಗರೊಬ್ಬರಿಂದ ಮೆಸೇಜ್ ಬಂತು: “ಇವತ್ತಿನ ಕಾರ್ಯಕ್ರಮ ಬಹಳ ಚೆನ್ನಾಗಿತ್ತು. ಹಿಂಗೇ ಮುಂದುವರಿಸಿ.”

೨. ಹಾರ

ಲಾರಿಗಳ ಸದ್ದು ಒಳಗೆ ಬರದಿರಲಿ ಎಂದು ಇನ್ನೊಂದು ಭಾನುವಾರ ಭಾಯ್ ಷಟರನ್ನು ಅರ್ಧ ಇಳಿಸಿದರು. ಪೂರ್ತಿ ಇಳಿಸಿದರೆ ಸೆಕೆ. ನಮ್ಮ ಬೀದಿಯಲ್ಲಿ ಹಾಡುಹಗಲೇ ಅಂಗಡಿ ಅರ್ಧ ಮುಚ್ಚಿತೆಂದರೆ ಆ ಅಂಗಡಿಯವರ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದೇ ಅರ್ಥ. ಅದು ಮೂವರಿಗೂ ಹೊಳೆಯಲಿಲ್ಲ. ನಾವು ಒಳಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೆ, ಹೂವಿನಂಗಡಿ ಅಜ್ಜಿ ಚೆಂಡುಹೂವಿನ ಹಾರ ಹಿಡಿದು ಹೊರಗೆ ನಿಂತು ಗೋಳಿಟ್ಟರು. “ಅಯ್ಯೋ, ದುಕ್ಕ ತಡೀನಾರ್ದೆ ಬುದ್ಧಿ ಕೆಟ್ಟೋಯ್ತಲ್ಲಪ್ಪಾ ಇವುಕ್ಕೆ!”

ಭಾಯ್ ಬಗ್ಗಿ ಆಚೆ ಬಂದರು. “ಎಲ್ಲಾರೂ ಚೆನ್ನಾಗವ್ರೆ ಅಜ್ಜಿ. ನಾವು ರೇಡಿಯೋ ಮಾಡ್ತಾ ಇದೀವಿ.”

ಅಜ್ಜಿ ಹಾರವನ್ನೊಮ್ಮೆ, ಭಾಯ್ ಮುಖವನ್ನೊಮ್ಮೆ ನೋಡಿದರು. ಸತ್ತವರಿಗೆಂದು ತಂದ ಹಾರವನ್ನು ವಾಪಸ್ಸು ಒಯ್ಯಬಾರದಂತೆ. ಅದನ್ನು ಭಾಯ್ ಕೊರಳಿಗೇ ಹಾಕಿ ಹೇಳಿದರು: “ತಕ್ಕೋ ಮಗ. ನಿನ್ನ ಪಾಲಿಂದು ಕೊಟ್ಬುಟ್ಟೆ, ಆಮ್ಯಾಕೆ ಕೇಳ್ಬ್ಯಾಡ.”

೩. ಮದುವೆ ಊಟ

ಹಬ್ಬದ ಹಿಂದಿನ ಭಾನುವಾರ. ಈ ಸಲ ಭಾಯ್ ಷಟರನ್ನು ಪೂರ್ತಿ ಇಳಿಸಿದರು. ಹಬ್ಬಕ್ಕೆ ರವಿಕೆ ಹೊಲಿಯಲು ಕೊಟ್ಟವರಿಗೆಲ್ಲ “ಮದ್ದೂರಲ್ಲಿ ನೆಂಟರ ಮದುವೆ, ಹೋಗಿದೀನಿ” ಎಂದು ಫೋನಿನಲ್ಲಿ ಹೇಳಿಬಿಟ್ಟಿದ್ದರು.

ಮಂಡಿ ಗೆಳೆಯ ಕೇಳಿದ: “ಭಾಯ್, ಗಿರಾಕಿಗಳ ಕೈಲಿ ಹೆಂಗೆ ತಪ್ಪಿಸ್ಕತೀರಾ?”

ಹೇಗಿದ್ದರೂ ಇದೇ ಕೊನೆ, ಬೀದಿಯವರಂತೂ ಕೇಳುವುದಿಲ್ಲ ಎಂದು ಭಾಯ್ ಮನಸ್ಸು ಬಿಚ್ಚಿದರು. “ಮೊದಲು ಕರೆಂಟಿಲ್ಲ ಅಂತೀನಿ. ಆಮೇಲೆ ಮಿಷನ್ ಕೆಟ್ಟದೆ ಅಂತೀನಿ. ಗಲಾಟೆ ಜಾಸ್ತಿ ಆದ್ರೆ ನಮ್ಮ ಮಾವ ತೀರ್ಕೊಂಡ್ರು ಅಂತೀನಿ. ಈಗ ನೋಡಿ, ಮದ್ದೂರಲ್ಲಿ ಮದುವೆ ಊಟ ಮಾಡ್ತಾ ಕೂತಿದೀನಿ!”

ಹೊರಗಿನಿಂದ ಯಾರೋ ಷಟರ್ ಧಡಧಡ ಬಡಿದರು.

“ಊಟ ಆಯ್ತಾ ಭಾಯ್? ಕೈ ತೊಳ್ಕೊಂಡು ಬಾಗಿಲು ತಗೀರಿ!”

ತೆಗೆದರೆ ಬೀದಿಯ ಹೆಂಗಸರೆಲ್ಲ ಅಲ್ಲೇ. ಅಜ್ಜಿಯ ಹಾರದ ಸುದ್ದಿ ಹಬ್ಬಿ, ಇವತ್ತು ಏನಾಗುತ್ತದೋ ಎಂದು ಎಲ್ಲರೂ ಮೊಬೈಲಿನಲ್ಲಿ ರೇಡಿಯೋ ಹಾಕಿಕೊಂಡಿದ್ದರಂತೆ. ಮುಂದುಗಡೆ ನಿಂತಿದ್ದವರು ಭಾಯ್ ಹೆಂಡತಿ.

“ನಮ್ಮಪ್ಪನ್ನ ಎಷ್ಟು ಸಲ ಸಾಯಿಸಿದೀರಿ?”

ಅಷ್ಟರಲ್ಲಿ ಚಾಮರಾಜನಗರದ ಫೋನು. “ಸಾರ್, ನಿಮ್ಮ ಬೀದಿಗೆ ಬೀದೀನೇ ಕೇಳ್ತಾ ಅದೆ! ಕಾರ್ಯಕ್ರಮ ನಿಲ್ಲಿಸಲ್ಲ!”

ಭಾಯ್ ನನ್ನ ಕೈಯಿಂದ ಫೋನು ಕಿತ್ತುಕೊಂಡರು. “ನಿಲ್ಲಿಸ್ಬುಡಿ ಸಾರ್, ದಮ್ಮಯ್ಯ!”

ಚಂದಕವಾಡಿಯಿಂದ ನಮ್ಮ ಬೀದಿಗೆ ಸೊಸೆಯಾಗಿ ಬಂದ ಹೆಣ್ಣುಮಗಳು ಅವರ ಕೈಯಿಂದ ಅದನ್ನು ಇಸಕೊಂಡಳು. “ನಿಲ್ಲಿಸ್ಬ್ಯಾಡಿ ಸಾರ್. ಭಾಯ್ ಎಲ್ಲವ್ರೆ ಅಂತ ನಮ್ಗೆ ಇನ್ನೆಂಗೆ ಗೊತ್ತಾಗದು?”

ಇಷ್ಟು ಹೊತ್ತು ಕಿವಿಗೊಟ್ಟ ನಿಮ್ಮೆಲ್ಲರನ್ನೂ ಶಿವ ತಣ್ಣಗಿಟ್ಟಿರಲಿ. ನೀವು ಹೊಲಿಯಲು ಕೊಟ್ಟದ್ದು ಹಬ್ಬದ ಮೊದಲೇ ಕೈಗೆ ಬಂದು, ಮೈಗೂ ಸರಿಹೊಂದಲಿ.