ದೊಡ್ಡಪ್ಪ ಕೇಳುವ ಚೀಟಿ

ನಮ್ಮ ದೊಡ್ಡಪ್ಪನ ಗೇಟು ದಾಟುವುದಕ್ಕಿಂತ ಪಾಸ್‌ಪೋರ್ಟ್ ಇಲ್ಲದೆ ಪರದೇಶ ಸೇರುವುದು ಸುಲಭ ಎಂದರೆ ನೀವು ನಗುತ್ತೀರಿ. ನಗಿ! ನಾವೂ ಮೂರು ವರ್ಷ ನಕ್ಕೆವು.

ತಪ್ಪು ಪೂರ್ತಿ ಅವರದಲ್ಲ. ಮನೆಬಾಗಿಲಿಗೆ ಬಂದು ಮಾರುವವರೆಲ್ಲ ಪುರಸಭೆಯ ಗುರುತಿನ ಚೀಟಿ ಇಟ್ಟುಕೊಂಡಿರಬೇಕೆಂದು ನಮ್ಮೂರಲ್ಲಿ ಆಟೋಗೆ ಮೈಕು ಕಟ್ಟಿ ಸಾರಿದರು. ಊರು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿತು. ಡ್ರಿಲ್ ಮೇಷ್ಟ್ರಾಗಿ ರಿಟೈರಾಗಿ, ಸಾಲು ನಿಲ್ಲಿಸಲು ಯಾರೂ ಸಿಗದೆ ಒದ್ದಾಡುತ್ತಿದ್ದ ದೊಡ್ಡಪ್ಪ ಮಾತ್ರ ಎದ್ದು ಕೂತರು. ಮಾರನೆಯ ದಿನದಿಂದ ಗೇಟಿನ ಬಳಿ ಪ್ಲಾಸ್ಟಿಕ್ ಕುರ್ಚಿ, ಕೊರಳಲ್ಲಿ ಹಳೆಯ ವಿಷಲ್ಲು!

ಬೈಕಿನಲ್ಲಿ ನೈಟಿ ಮಾರುವವನ ಹತ್ತಿರ ಪಾಪ, ಚೀಟಿಯಿತ್ತು. ಆದರೆ ಫೋಟೋದಲ್ಲಿ ಮೀಸೆಯಿತ್ತು, ಮುಖದಲ್ಲಿ ಇರಲಿಲ್ಲ. "ಮೀಸೆ ಬೆಳೆಸ್ಕೊಂಡು ಬಾ ಓಗು, ಆಮೇಲೆ ನೈಟಿ ಮಾರು!" ದೊಡ್ಡಮ್ಮ ಆರಿಸಿಟ್ಟಿದ್ದ ನೈಟಿಯೂ ಆ ಮೀಸೆಯ ಜೊತೆಗೇ ಹೋಯಿತು.

ಬೆಟ್ಟದಪುರದ ಕಡೆಯಿಂದ ಮೊರ, ಪೊರಕೆ ಹೊತ್ತು ಬರುವ ಹೆಂಗಸಿನ ಕಥೆ ಬೇರೆ. ಆಕೆಯ ಅರ್ಜಿಯಲ್ಲಿ ಎಲ್ಲ ತುಂಬಿತ್ತು, ಕೊನೆಯ ಸಾಲೊಂದು ಬಿಟ್ಟು: 'ಅರ್ಜಿದಾರರನ್ನು ಗುರುತಿಸುವ ಸ್ಥಳೀಯರ ಸಹಿ'. ಅದಿಲ್ಲದೆ ಚೀಟಿಯಿಲ್ಲ, ಚೀಟಿಯಿಲ್ಲದೆ ವ್ಯಾಪಾರವಿಲ್ಲ. ಹದಿನೈದು ವರ್ಷ ಪೊರಕೆ ಕೊಟ್ಟ ಮನೆಯಲ್ಲವೇ ಎಂದು ದೊಡ್ಡಪ್ಪನ ಹತ್ತಿರವೇ ಬಂದಳು.

"ನನ್ ಗುರ್ತು ನಿಮ್ಗಿಲ್ವಾ ಯಜಮಾನ್ರೆ? ಒಂದ್ ರುಜು ಆಕಿ."

"ಪೊರಕೆ ಗುರ್ತದೆ ಕಣವ್ವ, ನಿನ್ ಗುರ್ತಿಲ್ಲ. ನಿನ್ ಹೆಸ್ರೇನು ಅಂತ ಯಾವತ್ತಾದ್ರೂ ಕೇಳಿದೀನಾ ನಾನು?"

ಕಾನೂನಿನ ಪ್ರಕಾರ ಸರಿಯೇ! ಆಕೆ ಅರ್ಜಿಯನ್ನು ದೊಡ್ಡಮ್ಮನ ಕೈಗಿಟ್ಟು, "ಅವ್ರಿಗೆ ಮನ್ಸು ಬಂದಾಗ ಆಕ್ಸಿಕೊಡ್ರವ್ವ" ಎಂದು ಹೋದಳು. ಈ ಸಂಭಾಷಣೆಯನ್ನು ನಾನು ಮದುವೆ ಮನೆಗಳಲ್ಲಿ ಅಭಿನಯಿಸಿ ಎಷ್ಟು ಜನರನ್ನು ನಗಿಸಿದೆನೋ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆಮೇಲೆ ಪೋಸ್ಟ್‌ಮ್ಯಾನಿಗೆ ಚೀಟಿ ಕೇಳಿದರು. ನಕ್ಕೆವು. ಎದುರುಮನೆಯವರಿಗೆ ಕೇಳಿದರು. ನಕ್ಕೆವು, ಸ್ವಲ್ಪ ಕಡಿಮೆ. ಒಂದು ಬೆಳಿಗ್ಗೆ ಹಾಲು ತಂದ ದೊಡ್ಡಮ್ಮನನ್ನೇ ತಡೆದು, "ಯಾರಮ್ಮ ನೀವು? ಎಲ್ಲದೆ ಚೀಟಿ?" ಎಂದರು. ನಲವತ್ತು ವರ್ಷ ಸಂಸಾರ ಮಾಡಿದ ದೊಡ್ಡಮ್ಮ ಹಾಲಿನ ಪಾತ್ರೆ ಹಿಡಿದುಕೊಂಡು ಬೀದಿಯಲ್ಲೇ ನಿಂತಿದ್ದರು. ಅವತ್ತು ಯಾರೂ ನಗಲಿಲ್ಲ. ಮೈಸೂರಿನ ಡಾಕ್ಟರು ಮರೆವಿನ ಕಾಯಿಲೆ, ವಾಸಿಯಾಗುವಂಥದ್ದಲ್ಲ ಎಂದರು.

ಹೋದ ತಿಂಗಳು ಬೆಳಿಗ್ಗೆ ಗೇಟು ದಾಟಿದ ದೊಡ್ಡಪ್ಪ ಮಧ್ಯಾಹ್ನವಾದರೂ ಬರಲಿಲ್ಲ. ಬಸ್‌ಸ್ಟ್ಯಾಂಡು, ಸಂತೆಮಾಳ, ಕೆರೆ ಏರಿ ಎಲ್ಲ ಹುಡುಕಿದೆವು. ಏರಿಯ ಮೇಲೆ ನಿಂತು ನಾನು ನೀರನ್ನೂ ನೋಡಿದೆ, ಸುಳ್ಳೇಕೆ ಹೇಳಲಿ. ಮೂರು ಗಂಟೆಗೆ ಅವರನ್ನು ಕೈಹಿಡಿದು ಕರೆತಂದವಳು ಆ ಪೊರಕೆ ಮಾರುವಾಕೆ. ಬೆಟ್ಟದಪುರದ ಬಸ್ಸಿನಲ್ಲಿ ಕೂತು ಕಂಡಕ್ಟರಿಗೇ ಚೀಟಿ ಕೇಳುತ್ತಿದ್ದರಂತೆ!

"ಇವ್ರು ನಿಂಗೇನಾಗ್ಬೇಕು ಅಂತ ಕಂಡಕ್ಟ್ರು ಕೇಳ್ದ. ಏನೂ ಆಗ್ಬೇಕಿಲ್ಲ ಕಣಪ್ಪ, ಗುರ್ತದೆ ಅಂದೆ" ಎಂದಳು.

ದೊಡ್ಡಮ್ಮ ಒಳಗೆ ಹೋಗಿ ಆ ಅರ್ಜಿ ತಂದರು. "ಇವ್ಳ ಗುರ್ತದಾ ನಿಮ್ಗೆ?"

ದೊಡ್ಡಪ್ಪ ಆಕೆಯನ್ನು ಬಹಳ ಹೊತ್ತು ನೋಡಿದರು. "ಇಲ್ದೆ ಏನು? ನನ್ನ ಮನೆಗೆ ಕರ್ಕೊಂಡ್ ಬಂದೋಳಲ್ವಾ" ಎಂದು ಸಹಿ ಹಾಕಿದರು. ಅಕ್ಷರ ಗೆರೆಯಿಂದ ಕೆಳಗಿಳಿಯಿತು.

ಆಮೇಲೆ ನನ್ನತ್ತ ತಿರುಗಿದರು. ನನಗೆ ಸೈಕಲ್ ಕಲಿಸಿದವರು, ನಾನು ಬಿದ್ದಾಗಲೆಲ್ಲ ನನಗಿಂತ ಜೋರಾಗಿ ಕಿರುಚಿದವರು.

"ನಿಮ್ದು ಚೀಟಿ?"

ಹುಟ್ಟಿದಾಗಿನಿಂದ ಮೊದಲ ಸಲ ನನ್ನನ್ನು 'ನೀವು' ಎಂದರು. ಬ್ಯಾಗಿನಿಂದ ಶಾಲೆಯ ಟೀಚರ್ ಕಾರ್ಡು ತೆಗೆದು ಕೊಟ್ಟೆ. ಫೋಟೋ ನೋಡಿದರು, ಮುಖ ನೋಡಿದರು. "ಸರಿಯಾಗೇ ಅದೆ. ಒಳಕ್ಕೆ ಬನ್ನಿ."

ಈಗ ದಿನಾ ಆ ಕಾರ್ಡನ್ನು ಕೊರಳಿಗೆ ಹಾಕಿಕೊಂಡೇ ಹೋಗುತ್ತೇನೆ. ಅವರು ನೋಡಿ ಮುಗಿಸಿ ಬನ್ನಿ ಎನ್ನುವವರೆಗೆ ಗೇಟಿನಲ್ಲೇ ನಿಂತಿರುತ್ತೇನೆ.